ನಳಿ ಮಡಚಿದವರ ಹೆಸರು

ನಾಲ್ಕು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನನ್ನ ಅಣ್ಣನ ಮಗನ ಪಕ್ಕದಲ್ಲಿ ಎರಡು ರಾತ್ರಿ ಕುಳಿತಿದ್ದೆ. ವಾರ್ಡಿನಲ್ಲಿ ಮೂವತ್ತು ಹಾಸಿಗೆಗಳಿದ್ದವು, ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್ ಇದ್ದರು. ಸಲೈನ್ ಬಾಟಲಿ ಖಾಲಿಯಾಗುವ ಹೊತ್ತಿಗೆ ಸಿಸ್ಟರ್ ಬೇರೆ ಮಗುವಿನ ಬಳಿ ಇದ್ದರೆ, ಕೈಯ ರಕ್ತನಾಳಕ್ಕೆ ಚುಚ್ಚಿಟ್ಟ ಕ್ಯಾನುಲಾದಿಂದ ರಕ್ತ ಹಿಮ್ಮುಖವಾಗಿ ನಳಿಯೊಳಗೆ ಏರಿ ಹೆಪ್ಪುಗಟ್ಟುತ್ತದೆ. ಆಮೇಲೆ ಆ ಕ್ಯಾನುಲಾ ಕೆಲಸಕ್ಕೆ ಬರುವುದಿಲ್ಲ, ಮಗುವಿನ ಕೈಯಲ್ಲಿ ಇನ್ನೊಂದು ರಕ್ತನಾಳ ಹುಡುಕಿ ಮತ್ತೆ ಚುಚ್ಚಬೇಕಾಗುತ್ತದೆ. ಎರಡನೆಯ ರಾತ್ರಿ ನಾನು ಸಿಸ್ಟರ್ ಅವರ ಕೈಯನ್ನೇ ಗಮನಿಸುತ್ತಿದ್ದೆ. ಬಾಟಲಿ ಮುಗಿಯುತ್ತ ಬಂದಾಗ ಅವರು ನಳಿಯಲ್ಲಿದ್ದ ರೋಲರ್ ಕ್ಲಾಂಪನ್ನು ಒತ್ತಿ ಅಷ್ಟಕ್ಕೇ ಬಿಡದೆ, ನಳಿಯನ್ನು ಎರಡು ಮಡಿಕೆ ಮಾಡಿ, ಮಡಿಕೆಯ ಮೇಲೆ ಒಂದು ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದರು. ಯಾಕೆಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಒತ್ತಿ ಹಿಡಿಯಾಕ ಜೋರು ಬೇಕ್ರೀ ಮೇಡಂ. ಮಡಚಿದ್ರ ಜೋರs ಬ್ಯಾಡ, ಒಂದ್ ಹನಿನೂ ಇಳಿಯಂಗಿಲ್ಲ."

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳುವವಳು. ಕಡಿಮೆ ಬಲದಿಂದ ನಳಿಯನ್ನು ಸಂಪೂರ್ಣ ಮುಚ್ಚುವ ದಾರಿಯೊಂದು ನನ್ನ ಕಣ್ಣೆದುರಿಗೇ ಇತ್ತು. ವಿದ್ಯುತ್ತಿಲ್ಲದೆ, ಬ್ಯಾಟರಿಯಿಲ್ಲದೆ, ಬಾಟಲಿ ಹಗುರಾಗುವುದನ್ನೇ ಉಪಯೋಗಿಸಿಕೊಂಡು ನಳಿ ತಾನಾಗಿ ಮಡಚಿಕೊಳ್ಳುವಂತೆ ಮಾಡಿದರೆ ಹೇಗೆ ಎಂಬ ಯೋಚನೆ ಆ ರಾತ್ರಿಯೇ ಹುಟ್ಟಿತು. ಈ ಬರಹದಲ್ಲಿ ಹೇಳಬೇಕಾದದ್ದು ಆ ಉಪಕರಣದ ಬಗ್ಗೆ ಸ್ವಲ್ಪ. ಅದಕ್ಕಿಂತ ಹೆಚ್ಚಾಗಿ, ಅದರ ಪೇಟೆಂಟ್ ಅರ್ಜಿಯಲ್ಲಿ ಯಾರ ಯಾರ ಹೆಸರು ಬರಬೇಕು ಎಂಬುದನ್ನು ನಾವು ತಡವಾಗಿ, ಕಷ್ಟಪಟ್ಟು ಕಲಿತ ಬಗ್ಗೆ. ವೈದ್ಯಕೀಯ ಉಪಕರಣದ ಕೆಲಸಕ್ಕೆ ಕೈಹಾಕುತ್ತಿರುವ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಮತ್ತು ಶಿಕ್ಷಕರಿಗೆ ಇದು ಮೊದಲೇ ತಿಳಿದಿರಲಿ ಎಂಬುದು ನನ್ನ ಆಸೆ.

ನಮ್ಮ ಮೊದಲ ಮಾದರಿ ಸರಳವಾಗಿತ್ತು. ಬಾಟಲಿಯನ್ನು ಒಂದು ಸ್ಪ್ರಿಂಗಿಗೆ ತೂಗುಹಾಕಿದೆವು. ಬಾಟಲಿ ತುಂಬಿದ್ದಾಗ ಸ್ಪ್ರಿಂಗ್ ಹಿಗ್ಗಿರುತ್ತದೆ, ದ್ರವ ಇಳಿದಂತೆ ಕುಗ್ಗುತ್ತದೆ, ಕುಗ್ಗುವಾಗ ಒಂದು ತಂತಿ ನಳಿಯನ್ನು ಕಿರಿದಾದ ಸಂದಿಯೊಳಗೆ ಎಳೆದು ಮಡಚುತ್ತದೆ. ಮೇಜಿನ ಮೇಲೆ ಅದು ಚೆನ್ನಾಗಿ ನಡೆಯಿತು. ಸಿಸ್ಟರ್ ಬಿಡುವಿನ ದಿನ ನಮ್ಮ ಪ್ರಯೋಗಾಲಯಕ್ಕೆ ಬಂದು, ನೀರು ತುಂಬಿದ ಬಾಟಲಿಯ ಮುಂದೆ ಗಡಿಯಾರ ಹಿಡಿದು ನಿಂತು, ಐದೇ ನಿಮಿಷದಲ್ಲಿ ಅದರ ದೋಷವನ್ನು ತೋರಿಸಿಕೊಟ್ಟರು. 500 ಮಿಲಿಲೀಟರ್ ದ್ರವವನ್ನು ನಾಲ್ಕು ಗಂಟೆಗಳಲ್ಲಿ ಇಳಿಸಬೇಕಾದರೆ, ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 42 ಹನಿ ಬೀಳಬೇಕು. ಬಾಟಲಿಯಲ್ಲಿ ಇನ್ನೂ 150 ಮಿಲಿಲೀಟರ್ ಉಳಿದಿರುವಾಗಲೇ ನಮ್ಮ ಹನಿಗಳು 30ಕ್ಕೆ ಇಳಿದಿದ್ದವು. ಸ್ಪ್ರಿಂಗ್ ಒಮ್ಮೆಲೇ ಕುಗ್ಗುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ. ಹಾಗಾಗಿ ನಳಿಯೂ ಅರ್ಧಂಬರ್ಧ ಮಡಚಿಕೊಂಡು ಮಗುವಿಗೆ ಹೋಗಬೇಕಾದ ದ್ರವವನ್ನು ಮೊದಲೇ ತಡೆಯುತ್ತಿತ್ತು. ಹನಿ ಎಣಿಸುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವರಿಗೆ ಅದು ದಿನನಿತ್ಯದ ಕೆಲಸವಾಗಿತ್ತು.

ಆ ದೋಷ ಸರಿಯಾಗುವ ಮೊದಲೇ ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಪ್ರದರ್ಶನ ಬಂತು. ಹುಡುಗರ ಉತ್ಸಾಹಕ್ಕೆ ನಾನೇ ಒಪ್ಪಿಗೆ ಕೊಟ್ಟೆ. ಎರಡು ದಿನ ಸ್ಪ್ರಿಂಗಿನ ಮಾದರಿಯನ್ನು ಮೇಜಿನ ಮೇಲಿಟ್ಟು, ನಳಿ ಮಡಚಿಕೊಳ್ಳುವುದನ್ನು ಬಂದವರಿಗೆಲ್ಲ ವಿವರಿಸಿದೆವು. ಒಬ್ಬ ವಿದ್ಯಾರ್ಥಿ ಮೂರು ನಿಮಿಷದ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ. ಒಂದು ವಾರದ ನಂತರ ಪೇಟೆಂಟ್ ಏಜೆಂಟ್ ಒಬ್ಬರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ, "ಇದನ್ನು ಹೊರಗೆ ಯಾರಿಗಾದರೂ ತೋರಿಸಿದ್ದೀರಾ?" ಎಂಬುದಾಗಿತ್ತು.

ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಅರ್ಜಿ ಹಾಕುವ ದಿನದವರೆಗೆ ಆವಿಷ್ಕಾರ ಸಾರ್ವಜನಿಕರಿಗೆ ತಿಳಿದಿರಬಾರದು. ಆವಿಷ್ಕಾರಕನೇ ತನ್ನ ಕೈಯಾರೆ ತೋರಿಸಿದ್ದರೂ ಹೊಸತನ ಹೋದಂತೆಯೇ. ಕಾಯ್ದೆಯ 31ನೇ ಕಲಂನಲ್ಲಿ 12 ತಿಂಗಳ ವಿನಾಯಿತಿ ಇದೆಯೆಂದು ಅನೇಕರು ಅರ್ಧ ತಿಳಿದುಕೊಂಡು ಧೈರ್ಯದಿಂದ ಇರುತ್ತಾರೆ. ನಾನೂ ಹಾಗೆಯೇ ಇದ್ದೆ. ಪ್ರದರ್ಶನಗಳ ವಿಷಯದಲ್ಲಿ ಆ ವಿನಾಯಿತಿ ಕೇಂದ್ರ ಸರ್ಕಾರ ರಾಜಪತ್ರದಲ್ಲಿ ಅಧಿಸೂಚಿಸಿದವುಗಳಿಗೆ ಮಾತ್ರ ಸಿಗುತ್ತದೆ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧಕ್ಕೂ ಸಿಗುತ್ತದೆ. ಕಾಲೇಜಿನ ಪ್ರದರ್ಶನವಾಗಲಿ, ಯೂಟ್ಯೂಬ್ ವಿಡಿಯೋ ಆಗಲಿ ಅದರೊಳಗೆ ಬರುವುದಿಲ್ಲ. ಅಮೆರಿಕದಲ್ಲಿ ಆವಿಷ್ಕಾರಕ ತಾನೇ ಬಹಿರಂಗಪಡಿಸಿದರೆ ಒಂದು ವರ್ಷದ ಅವಕಾಶ ಇದೆ, ಇಲ್ಲಿ ಹಾಗಿಲ್ಲ. ಆನ್‌ಲೈನ್ ಮೂಲಕ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಲು ವ್ಯಕ್ತಿಗಳಿಗೆ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ. ಅರ್ಜಿ ಹಾಕಿದ ಮೇಲೆ ಪೂರ್ಣ ವಿವರಣೆ ಕೊಡಲು 12 ತಿಂಗಳ ಸಮಯ ಇರುತ್ತದೆ. ಪ್ರದರ್ಶನದ ಹಿಂದಿನ ದಿನ ನಾನು ಅಷ್ಟು ಮಾಡಿದ್ದರೆ ಸಾಕಿತ್ತು. ಮಡಿಕೆಯ ಉಪಾಯ ಸಿಸ್ಟರ್ ಅವರದು. ಅದನ್ನು ಅವರನ್ನು ಒಂದು ಮಾತು ಕೇಳದೆ ಎರಡು ದಿನಗಳಲ್ಲಿ ಊರಿಗೆಲ್ಲ ಹಂಚಿಬಿಟ್ಟವಳು ನಾನು. ಈ ನೋವು ನನಗೆ ಇಂದಿಗೂ ಇದೆ.

ನಮ್ಮನ್ನು ಉಳಿಸಿದ್ದು ಗೋಕುಲ ರಸ್ತೆಯ ಒಂದು ಲೇಥಿನ ಅಂಗಡಿ. ಅಲ್ಲಿಯ ಟರ್ನರ್ ಕಾಕಾ ಕೈಗಾರಿಕಾ ವಾಲ್ವ್‌ಗಳ ಬಿಡಿಭಾಗ ಕಡೆಯುವುದರಲ್ಲಿಯೇ ಮೂವತ್ತು ವರ್ಷ ಕಳೆದವರು. ಹುಬ್ಬಳ್ಳಿ ವಾಲ್ವ್ ತಯಾರಿಕೆಗೆ ಹೆಸರಾದ ಊರಾದ್ದರಿಂದ ಅಂಥ ಕೈಗಳು ಇಲ್ಲಿ ಬಹಳ ಇವೆ. ನಾನು ಸ್ಪ್ರಿಂಗಿನ ಅಳತೆ ಬದಲಿಸಿದ ಹೊಸ ನಕ್ಷೆ ಹಿಡಿದುಕೊಂಡು ಹೋಗಿದ್ದೆ. ಕಾಕಾ ನಕ್ಷೆ ನೋಡಿದರು, ಹಳೆಯ ಮಾದರಿಯನ್ನು ಎರಡು ಸಲ ಎಳೆದು ಬಿಟ್ಟರು, ಆಮೇಲೆ ಎಣ್ಣೆ ಮೆತ್ತಿದ ಡಬ್ಬಿಯಿಂದ ಒಂದು ಬೇರಿಂಗ್ ಗುಂಡು ತೆಗೆದು ಒಂದು ತುಂಡು ಕಬ್ಬಿಣದ ಚಾನೆಲ್ಲಿನೊಳಗೆ ಇಟ್ಟರು. ಚಾನೆಲ್ಲನ್ನು ಬೆರಳಿನ ಮೇಲೆ ತಕ್ಕಡಿಯ ದಂಡಿಯಂತೆ ನಿಲ್ಲಿಸಿ ನಿಧಾನವಾಗಿ ಓರೆ ಮಾಡುತ್ತಾ ಹೋದರು. ಸಮಮಟ್ಟ ದಾಟುವವರೆಗೆ ಗುಂಡು ಅಲ್ಲಾಡಲಿಲ್ಲ. ದಾಟಿದ ಕ್ಷಣ ಉರುಳಿ ಆ ತುದಿಗೆ ಹೋಗಿ ಬಡಿಯಿತು, ದಂಡಿ ಒಮ್ಮೆಲೇ ಕೆಳಗೆ ಬಿತ್ತು. "ಸ್ಪ್ರಿಂಗ್ ಯಾಕ ಬೇಕ್ರೀ ಮೇಡಂ? ಗುಂಡು ಉಳ್ಳಿದ್ರ ಪೂರಾ ಬೀಳತೈತಿ, ಇಲ್ಲಾಂದ್ರ ಬೀಳಂಗs ಇಲ್ಲ. ನಡುವ ನಿಂದ್ರೂದು ಅಂಬೋದ ಇಲ್ಲ."

ಸ್ಪ್ರಿಂಗ್ ಹೋಗಿ ದಂಡಿ ಬಂತು. ದಂಡಿಯ ಒಂದು ತುದಿಗೆ ಬಾಟಲಿ, ಇನ್ನೊಂದು ತುದಿಯ ಕಡೆಗೆ ಉರುಳುವ ಗುಂಡು. ಬಾಟಲಿಯಲ್ಲಿ ಸುಮಾರು 30 ಮಿಲಿಲೀಟರ್ ಉಳಿದಾಗ ಗುಂಡು ಉರುಳಿ, ದಂಡಿ ಬಿದ್ದು, ನಳಿಯನ್ನು ಒಂದೇ ಏಟಿಗೆ ಮಡಚುತ್ತದೆ. ಖಾಲಿ ಬಾಟಲಿಯ ತೂಕ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಅದನ್ನು ಹೊಂದಿಸಲು ಒಂದು ಸ್ಕ್ರೂ ಇಟ್ಟವಳು ನಾನು, ದಂಡಿಯ ಲೆಕ್ಕ ಹಾಕಿದವಳೂ ನಾನು. ಪ್ರದರ್ಶನ ಮುಗಿದು ಮೂರು ವಾರವಾದ ಮೇಲೆ ಇದು ಹುಟ್ಟಿದ್ದರಿಂದ ಗುಂಡಿನ ರಚನೆಯನ್ನು ಹೊರಗಿನ ಯಾರೂ ನೋಡಿರಲಿಲ್ಲ. ಆದರೆ ನಮ್ಮದೇ ಸ್ಪ್ರಿಂಗಿನ ಮಾದರಿ ಈಗ ನಮ್ಮ ವಿರುದ್ಧದ ಪೂರ್ವಜ್ಞಾನ, ಅಂದರೆ ಜನಕ್ಕೆ ಮೊದಲೇ ತಿಳಿದ ಸಂಗತಿಯಾಗಿತ್ತು. ಅದನ್ನು ದಾಟಿ ಇದು ಮುಂದೆ ಹೋಗಿದೆಯೆಂದು ತೋರಿಸುವ ಹೊರೆ ನಮ್ಮ ಮೇಲೆ ಬಿತ್ತು. ಹಳೆಯ ದಾಖಲೆಗಳನ್ನು ಹುಡುಕಿದಾಗ ತೂಕದಿಂದ ಡ್ರಿಪ್ ನಿಲ್ಲಿಸುವ ಬೇರೆ ಉಪಾಯಗಳೂ ಸಿಕ್ಕವು, ಹೀಗಾಗಿ ನಮ್ಮ ಕ್ಲೇಮ್, ಅಂದರೆ ಇಷ್ಟು ನಮ್ಮದೆಂದು ಅರ್ಜಿಯಲ್ಲಿ ಕೇಳುವ ಭಾಗ, ಇನ್ನಷ್ಟು ಕಿರಿದಾಯಿತು. ಕಾಯ್ದೆಯ ಮೂರನೆಯ ಕಲಂ ಇಲ್ಲಿ ಎರಡು ಕಡೆ ಅಡ್ಡ ಬರುತ್ತದೆ: ಚಿಕಿತ್ಸೆಯ ವಿಧಾನಕ್ಕೆ ಪೇಟೆಂಟ್ ಇಲ್ಲ, ಆದ್ದರಿಂದ ಉಪಕರಣವನ್ನು ಮಾತ್ರ ಕೇಳಬೇಕು, ಗೊತ್ತಿರುವ ಭಾಗಗಳು ತಮ್ಮ ತಮ್ಮ ಪಾಡಿಗೆ ಕೆಲಸ ಮಾಡುವಂತೆ ಸುಮ್ಮನೆ ಜೋಡಿಸಿದರೆ ಅದಕ್ಕೂ ಪೇಟೆಂಟ್ ಇಲ್ಲ. ಗುಂಡು ಒಮ್ಮೆಲೇ ಬೀಳುವುದರಿಂದಲೇ ಮಡಿಕೆ ಅರ್ಧಕ್ಕೆ ನಿಲ್ಲುವುದಿಲ್ಲ, ಮಡಿಕೆಗೆ ಕಡಿಮೆ ಬಲ ಸಾಕಾಗುವುದರಿಂದಲೇ ಸಣ್ಣ ಗುಂಡು ನಡೆಯುತ್ತದೆ ಎಂದು, ಎರಡೂ ಒಂದನ್ನೊಂದು ಆಧರಿಸಿರುವುದನ್ನು ಬರೆದೆವು. ಹೀಗೆ ಬರೆಯುವಾಗಲೇ ನನಗೆ ಸ್ಪಷ್ಟವಾದದ್ದು, ಈ ವಾಕ್ಯದ ಒಂದು ಅರ್ಧ ಕಾಕಾ ಅವರದು, ಇನ್ನೊಂದು ಅರ್ಧ ಸಿಸ್ಟರ್ ಅವರದು ಎಂಬುದು.

ಅರ್ಜಿಯ ಫಾರ್ಮ್ ತುಂಬುವ ದಿನ ಕಚೇರಿಯಲ್ಲಿ ಸಿದ್ಧವಾಗಿದ್ದ ಪಟ್ಟಿಯಲ್ಲಿ ನನ್ನ ಹೆಸರು, ನನ್ನ ಮೇಲಿನ ಇಬ್ಬರ ಹೆಸರು, ವಾರ್ಡಿನ ಡಾಕ್ಟರ ಹೆಸರು ಇದ್ದವು. ಸಿಸ್ಟರ್ ಅವರದೂ ಇರಲಿಲ್ಲ, ಕಾಕಾ ಅವರದೂ ಇರಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರ: "ಲೇಥಿನ ಬಿಲ್ ಕೊಟ್ಟೇವಲ್ಲ ಮೇಡಂ, ಮತ್ಯಾಕ ಹೆಸರು?" ಇದು ಕೆಟ್ಟ ಮನಸ್ಸಿನಿಂದ ಬಂದ ಮಾತು ಎಂದು ನಾನು ಹೇಳಲಾರೆ, ಹೀಗೆ ಯೋಚಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ಕಾನೂನು ಕೇಳುವುದು ಬಿಲ್ಲನ್ನಲ್ಲ. ಕೊಟ್ಟ ನಕ್ಷೆಯಂತೆ ಕಡೆದುಕೊಟ್ಟವರು ಆವಿಷ್ಕಾರಕರಾಗುವುದಿಲ್ಲ, ಹಣ ಕೊಟ್ಟವರೂ ಆಗುವುದಿಲ್ಲ, ವಿಭಾಗದ ಮುಖ್ಯಸ್ಥರೆಂಬ ಕಾರಣಕ್ಕೆ ಯಾರೂ ಆಗುವುದಿಲ್ಲ. ಕ್ಲೇಮ್‌ನಲ್ಲಿರುವ ಹೊಸ ಕಲ್ಪನೆ ಯಾರ ತಲೆಯಲ್ಲಿ ಹುಟ್ಟಿತೋ ಅವರೇ ಆವಿಷ್ಕಾರಕರು. ನಿಜವಾದ ಆವಿಷ್ಕಾರಕನನ್ನು ಬಿಟ್ಟು ಅವನಿಂದ ಪಡೆದದ್ದನ್ನು ಬೇರೆಯವರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿದರೆ, ಪೇಟೆಂಟ್ ಕೊಡುವ ಮೊದಲು ಆಕ್ಷೇಪಿಸಲೂ ಕೊಟ್ಟ ಮೇಲೆ ರದ್ದು ಮಾಡಿಸಲೂ ಅದೇ ಆಧಾರವಾಗುತ್ತದೆ.

ಇದನ್ನು ವಿವರಿಸಲು ನಾನು ಅಂದು ಹೇಳಿದ್ದು ಅಮೆರಿಕದ ಒಂದು ಮೊಕದ್ದಮೆಯ ಕಥೆ. ಇನ್‌ಬೇ ಯೂನ್ ಎಂಬ ವೈದ್ಯರು ಸಣ್ಣ ರಂಧ್ರದ ಮೂಲಕ ಮಾಡುವ ಹೊಟ್ಟೆಯ ಲ್ಯಾಪರೊಸ್ಕೋಪಿಕ್ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಟ್ರೋಕಾರ್ ಎಂಬ ಚುಚ್ಚುವ ಉಪಕರಣವನ್ನು ಸುರಕ್ಷಿತಗೊಳಿಸಲು 1980ರಲ್ಲಿ ಯಂಗ್ ಜೇ ಚೋಯ್ ಎಂಬ ಎಲೆಕ್ಟ್ರಾನಿಕ್ಸ್ ತಂತ್ರಜ್ಞನ ನೆರವು ಪಡೆದರು. ಚೋಯ್ ಅವರಿಗೆ ಕಾಲೇಜಿನ ಪದವಿ ಇರಲಿಲ್ಲ. ಸುಮಾರು ಒಂದೂವರೆ ವರ್ಷ ಸಂಬಳವಿಲ್ಲದೆ ದುಡಿದು, ಮಾದರಿಗಳ ಚಿತ್ರ ಬರೆದುಕೊಟ್ಟು, 1982ರಲ್ಲಿ ಹೊರನಡೆದರು. ಅದೇ ವರ್ಷ ವೈದ್ಯರು ತಮ್ಮೊಬ್ಬರ ಹೆಸರಿನಲ್ಲಿಯೇ ಅರ್ಜಿ ಹಾಕಿದರು, 1985ರಲ್ಲಿ ಪೇಟೆಂಟ್ ಬಂತು, ಎಥಿಕಾನ್ ಕಂಪನಿ ಅದರ ಪರವಾನಗಿ ಪಡೆಯಿತು. ಮುಂದೆ ಎಥಿಕಾನ್ ತನ್ನ ಪ್ರತಿಸ್ಪರ್ಧಿ ಯುಎಸ್ ಸರ್ಜಿಕಲ್ ಮೇಲೆ ದಾವೆ ಹೂಡಿದಾಗ ಆ ಕಂಪನಿ ಚೋಯ್ ಅವರನ್ನು ಹುಡುಕಿ ಅವರಿಂದ ಪರವಾನಗಿ ಬರೆಸಿಕೊಂಡಿತು. 55 ಕ್ಲೇಮ್‌ಗಳಲ್ಲಿ ಎರಡರಲ್ಲಿ ಮಾತ್ರ ಚೋಯ್ ಅವರ ಕಲ್ಪನೆ ಇದೆಯೆಂದು ನ್ಯಾಯಾಲಯ ಕಂಡುಕೊಂಡಿತು. ಆದರೆ ಅಷ್ಟಕ್ಕೇ ಅವರು ಇಡೀ ಪೇಟೆಂಟಿನ ಸಹಮಾಲೀಕರಾದರು, ಅವರು ದಾವೆಗೆ ಸೇರದ ಕಾರಣ 1998ರಲ್ಲಿ ಮೇಲ್ಮನವಿ ನ್ಯಾಯಾಲಯ ದಾವೆ ವಜಾ ಆದದ್ದನ್ನು ಎತ್ತಿಹಿಡಿಯಿತು. ಒಂದು ಹೆಸರು ಬಿಟ್ಟದ್ದಕ್ಕೆ ಪೇಟೆಂಟಿನ ಬಲವೇ ಕೈತಪ್ಪಿತು.

ನಮ್ಮ ಕಾಯ್ದೆ ಸಹಮಾಲೀಕರ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ, ಅದರ ತೊಡಕೂ ಬೇರೆ. 50ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಎಲ್ಲ ಸಹಮಾಲೀಕರಿಗೂ ಸಮಪಾಲು. ಪ್ರತಿಯೊಬ್ಬರೂ ತಮ್ಮ ಲಾಭಕ್ಕಾಗಿ ಉಪಕರಣವನ್ನು ತಾವೇ ತಯಾರಿಸಿ ಮಾರಬಹುದು, ಉಳಿದವರಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಇತರರ ಒಪ್ಪಿಗೆಯಿಲ್ಲದೆ ಪರವಾನಗಿ ಕೊಡುವಂತಿಲ್ಲ, ತಮ್ಮ ಪಾಲನ್ನು ವರ್ಗಾಯಿಸುವಂತಿಲ್ಲ. ಕಾರ್ಖಾನೆ ಇರುವ ಸಹಮಾಲೀಕನಿಗೆ ಇದು ಹಾಲು-ಜೇನು. ವಾರ್ಡಿನಲ್ಲಿ ಪಾಳಿ ಮಾಡುವ ಸಿಸ್ಟರ್ ಅವರಿಗೆ ಇದರಿಂದ ಏನೂ ಸಿಗುವುದಿಲ್ಲ, ಯಾಕೆಂದರೆ ಅವರು ತಯಾರಿಸಲಾರರು, ಉಳಿದವರು ಒಪ್ಪದೆ ಯಾರಿಗೂ ಪರವಾನಗಿ ಕೊಡಲೂ ಆರರು. ಸಮಪಾಲು ಎಂಬ ಮಾತು ಕೇಳಲು ಹಿತವಾಗಿದ್ದರೂ ಒಪ್ಪಂದವಿಲ್ಲದೆ ಅದನ್ನು ನಂಬಬಾರದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಆದ್ದರಿಂದ ನಾವು ಎರಡು ವಿಷಯಗಳನ್ನು ಬೇರೆ ಬೇರೆ ಮಾಡಿದೆವು. ಆವಿಷ್ಕಾರಕರು ಯಾರು ಎಂಬುದು ಸತ್ಯದ ಪ್ರಶ್ನೆ, ಅದರಲ್ಲಿ ಹೊಂದಾಣಿಕೆಗೆ ಜಾಗವಿಲ್ಲ: ಸಿಸ್ಟರ್, ಕಾಕಾ, ನಾನು. ಮಾಲೀಕರು ಯಾರು ಎಂಬುದು ಒಪ್ಪಂದದ ಪ್ರಶ್ನೆ: ಮೂವರೂ ನಮ್ಮ ಹಕ್ಕನ್ನು ಕಾಲೇಜಿಗೆ ಬರಹದ ಮೂಲಕ ವರ್ಗಾಯಿಸಿ, ಕಾಲೇಜು ಒಂದೇ ಅರ್ಜಿದಾರನಾಗಿ, ಖರ್ಚು ಕಳೆದು ಬರುವ ಆದಾಯದಲ್ಲಿ ಆವಿಷ್ಕಾರಕರ ಪಾಲನ್ನು ಮೂವರಿಗೂ ಸಮನಾಗಿ ಹಂಚುವುದು ಎಂದು ಬರೆದುಕೊಂಡೆವು. ಕೆಲಸಗಾರನ ಆವಿಷ್ಕಾರ ತಾನಾಗಿಯೇ ಮಾಲೀಕನದಾಗುತ್ತದೆ ಎಂಬ ಕಲಂ ನಮ್ಮ ಪೇಟೆಂಟ್ ಕಾಯ್ದೆಯಲ್ಲಿಲ್ಲ, ಎಲ್ಲವೂ ಕರಾರಿನ ಮೇಲೆ ನಿಂತಿರುತ್ತದೆ. ಕಾಕಾ ಅಂತೂ ಯಾರ ನೌಕರರೂ ಅಲ್ಲ. ಅವರ ಸಹಿಯಿಲ್ಲದೆ ಕಾಲೇಜಿಗೆ ಅರ್ಜಿ ಹಾಕುವ ಹಕ್ಕೇ ಪೂರ್ತಿಯಾಗುತ್ತಿರಲಿಲ್ಲ. ಸಿಸ್ಟರ್ ಅವರ ನೇಮಕಾತಿ ಪತ್ರದಲ್ಲಿ ಆವಿಷ್ಕಾರದ ಮಾತೇ ಇರಲಿಲ್ಲವಾದರೂ ಮುಂದೆ ತಕರಾರು ಬಾರದಿರಲೆಂದು ಆಸ್ಪತ್ರೆಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ತಂದೆವು. ಕರಡನ್ನು ಕಾಕಾ ಅವರಿಗೆ ಕನ್ನಡದಲ್ಲಿ ಸಾಲು ಸಾಲಾಗಿ ಓದಿ ಹೇಳಿದೆ. ಅವರು ಎರಡು ಕಡೆ ತಡೆದು ನಿಲ್ಲಿಸಿ ಕೇಳಿದ ಪ್ರಶ್ನೆಗಳಿಂದ ಕರಡೇ ಬದಲಾಯಿತು. ಕಾಲೇಜು ಉಪಕರಣವನ್ನು ಬಳಸದೆ ಮೂಲೆಗಿಟ್ಟರೆ ಏನು ಗತಿ ಎಂಬುದು ಅವುಗಳಲ್ಲೊಂದು. ಐದು ವರ್ಷಗಳೊಳಗೆ ಯಾರಿಗೂ ಪರವಾನಗಿ ಕೊಡದಿದ್ದರೆ ಹಕ್ಕು ಮೂವರಿಗೆ ಮರಳಬೇಕೆಂಬ ಷರತ್ತು ಹಾಗೆ ಸೇರಿತು.

ಡಾಕ್ಟರ್ ತಮ್ಮ ಹೆಸರನ್ನು ತಾವೇ ತೆಗೆಸಿದರು. ವಾರ್ಡು ತಮ್ಮದು, ಉಪಾಯ ತಮ್ಮದಲ್ಲ ಎಂದರು. ಅವರ ಮೇಲಿನ ನನ್ನ ಗೌರವ ಆ ದಿನ ಇಮ್ಮಡಿಯಾಯಿತು, ಯಾಕೆಂದರೆ ಬಡ್ತಿಯ ಅಂಕಗಳಿಗೆ ಪೇಟೆಂಟ್ ಲೆಕ್ಕಕ್ಕೆ ಬರುವ ಈ ಕಾಲದಲ್ಲಿ ಬಂದ ಹೆಸರನ್ನು ಬಿಡುವುದು ಸಣ್ಣ ಮಾತಲ್ಲ.

ಕಾಕಾ ಅವರಿಗೆ ನಾನು ಜಾನ್ ಹೋಲ್ಟರ್ ಅವರ ಕಥೆಯನ್ನೂ ಹೇಳಿದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಯಂತ್ರಗಳ ಕೆಲಸ ಮಾಡುತ್ತಿದ್ದ ಈ ತಂದೆಯ ಮಗ ತಲೆಯಲ್ಲಿ ನೀರು ತುಂಬುವ ಕಾಯಿಲೆಯಿಂದ ನರಳುತ್ತಿದ್ದ. ಶಸ್ತ್ರವೈದ್ಯ ಯೂಜೀನ್ ಸ್ಪಿಟ್ಜ್ ಅವರಿಂದ ತೊಂದರೆ ಏನೆಂದು ಕೇಳಿ ತಿಳಿದು, ದ್ರವ ಒಂದೇ ದಿಕ್ಕಿಗೆ ಹರಿಯುವ ಸಿಲಿಕೋನ್ ವಾಲ್ವನ್ನು ಅವರು ರೂಪಿಸಿದರು. ಅದಕ್ಕೆ ಸ್ಪಿಟ್ಜ್-ಹೋಲ್ಟರ್ ವಾಲ್ವ್ ಎಂದು ಇಬ್ಬರ ಹೆಸರೂ ನಿಂತಿದೆ. ನಮ್ಮ ದೇಶದ ಜೈಪುರ ಕಾಲಿನ ಮಟ್ಟಿಗೆ ಡಾ. ಪಿ. ಕೆ. ಸೇಥಿ ಅವರನ್ನು ಬಲ್ಲವರು ಬಹಳ, ಅದನ್ನು ಕೈಯಿಂದ ರೂಪಿಸಿದ ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರನ್ನು ಬಲ್ಲವರು ಕಡಿಮೆ. ವಾಲ್ವಿನ ಕಥೆ ಕೇಳಿದ ಕಾಕಾ ಕೇಳಿದ್ದು ಹೋಲ್ಟರ್ ಅವರ ಹೆಸರಿನ ಬಗ್ಗೆ ಅಲ್ಲ. ಆ ವಾಲ್ವ್ ಎಷ್ಟು ದೊಡ್ಡದಿತ್ತು, ಮೆತ್ತನೆಯ ಸಿಲಿಕೋನಿನಲ್ಲಿ ಸೀಳನ್ನು ಅಷ್ಟು ನಾಜೂಕಾಗಿ ಹೇಗೆ ಕತ್ತರಿಸಿದರು ಎಂದು.

ಪೇಟೆಂಟ್ ಬಂದರೆ ಮಾರಾಟ ಮಾಡಬಹುದು ಎಂದು ನನ್ನ ವಿದ್ಯಾರ್ಥಿಗಳು ತಿಳಿದಿದ್ದರು, ಅದು ತಪ್ಪು. ಪೇಟೆಂಟ್ ಎಂದರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರನ್ನು ತಡೆಯುವ ಹಕ್ಕು ಮಾತ್ರ. ಮಾರಾಟಕ್ಕೆ 2018ರ ಜನವರಿಯಿಂದ ಜಾರಿಯಲ್ಲಿರುವ 2017ರ ವೈದ್ಯಕೀಯ ಉಪಕರಣ ನಿಯಮಗಳ ಅಡಿ ಪರವಾನಗಿ ಇಲ್ಲವೇ ನೋಂದಣಿ ಬೇಕು. ಅಪಾಯದ ಮಟ್ಟ ನೋಡಿ ಉಪಕರಣಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದ್ದಾರೆ. ರೋಗಿಗಳ ಮೇಲೆ ಪ್ರಯೋಗಿಸುವುದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ನಮ್ಮ ದಂಡಿ ಇನ್ನೂ ನೀರಿನ ಬಾಟಲಿಯ ಮೇಲೆಯೇ ಇದೆ, ಮಗುವಿನ ಹಾಸಿಗೆಗೆ ಹೋಗಿಲ್ಲ. ಹೋಗಲು ಆತುರವನ್ನೂ ಮಾಡುವುದಿಲ್ಲ.

ಹುಬ್ಬಳ್ಳಿ-ಧಾರವಾಡದ ಈ ಅವಳಿ ನಗರದಲ್ಲಿ ಇಂಥ ಕೆಲಸಕ್ಕೆ ಬೇಕಾದುದೆಲ್ಲ ಇದೆ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ ವಿದ್ಯಾನಗರದಲ್ಲಿದೆ, ಅದೇ ವಿದ್ಯಾನಗರದಲ್ಲಿ ಬಿವಿಬಿ ಎಂದು ಬೆಳೆದ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಚಿಕ್ಕಮಲ್ಲಿಗವಾಡದಲ್ಲಿ ಐಐಟಿ, ಗೋಕುಲ ರಸ್ತೆ ಮತ್ತು ತಾರಿಹಾಳದಲ್ಲಿ ಯಂತ್ರದ ಕೈಗಳು. ಗದಗ, ಹಾವೇರಿಯಿಂದ ಬರುವ ರೋಗಿಗಳ ಕಷ್ಟವನ್ನು ನೋಡುವ ಸಿಸ್ಟರುಗಳಿಗೂ ಆ ಕೈಗಳಿಗೂ ನಡುವೆ ಇರುವುದು ಎರಡೂ ಊರುಗಳ ಮಧ್ಯೆ ಓಡುವ ಒಂದು ಚಿಗರಿ ಬಸ್ಸಿನ ದಾರಿ. ಆದರೂ ಅವರು ಒಂದೇ ಮೇಜಿಗೆ ಬರುವುದು ಅಪರೂಪ. ಬಂದರೂ ಮಾತಾಡಿದ್ದನ್ನು ಬರೆದಿಡುವುದು ಇನ್ನೂ ಅಪರೂಪ.

ಈಗ ನಮ್ಮಲ್ಲಿ ಒಂದು ರೂಲು ಹಾಕಿದ ಲಾಂಗ್ ಬುಕ್ ಇದೆ. ಲೇಥಿನ ಅಂಗಡಿಯಲ್ಲಾಗಲಿ ಆಸ್ಪತ್ರೆಯ ಕ್ಯಾಂಟೀನಿನಲ್ಲಾಗಲಿ ಕೂತು ಮಾತಾಡಿದ ದಿನ, ಯಾರು ಏನು ಹೇಳಿದರು ಎಂದು ತಾರೀಖು ಹಾಕಿ, ಹೇಳಿದವರ ಮಾತಿನಲ್ಲಿಯೇ ಬರೆದು, ಎಲ್ಲರೂ ಸಹಿ ಮಾಡುತ್ತೇವೆ. ಅರ್ಜಿ 18 ತಿಂಗಳಾದ ಮೇಲೆ ಪೇಟೆಂಟ್ ಕಚೇರಿಯ ವಾರಪತ್ರಿಕೆಯಲ್ಲಿ ಪ್ರಕಟವಾಯಿತು, ಪರೀಕ್ಷೆಯ ಕೋರಿಕೆಯನ್ನೂ ಸಲ್ಲಿಸಿದ್ದೇವೆ, ಚೆನ್ನೈ ಕಚೇರಿಯ ವರದಿ ಇನ್ನೂ ಬರಬೇಕು. ಪ್ರಕಟವಾದ ಪುಟದ ಪ್ರತಿಯನ್ನು ಕಾಕಾ ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ, ಎಣ್ಣೆ ತಾಗದಷ್ಟು ಎತ್ತರದಲ್ಲಿ. ಕಳೆದ ಶನಿವಾರ ಸಿಸ್ಟರ್ ಹೊಸದೊಂದು ತೊಂದರೆ ತಂದಿದ್ದಾರೆ: ಬಾಟಲಿ ಬದಲಿಸುವಾಗ ದಂಡಿಯನ್ನು ಮತ್ತೆ ಎತ್ತಿ ನಿಲ್ಲಿಸಲು ಎರಡು ಕೈ ಬೇಕಾಗುತ್ತದೆ, ಮಗುವನ್ನು ಹಿಡಿದಿರುವಾಗ ಅವರ ಒಂದು ಕೈ ಮಾತ್ರ ಖಾಲಿ ಇರುತ್ತದೆ. ಪುಸ್ತಕದ 41ನೇ ಪುಟದಲ್ಲಿ ಅದನ್ನು ಅವರ ಕೈಯಿಂದಲೇ ಬರೆಸಿದ್ದೇವೆ. ಅದರ ಕೆಳಗೆ ಕಾಕಾ ಪೆನ್ಸಿಲಿನಲ್ಲಿ ಒಂದು ಕೊಂಡಿಯ ಚಿತ್ರ ಬರೆದಿದ್ದಾರೆ. ನಾನು ಇನ್ನೂ ಅದರ ಅಳತೆ ಹಾಕಬೇಕು.